ಗಾಜಿನೊಳಗೆ ನಿಂತವಳು

"ಅಲ್ಲೇ ನಿಲ್ಲಿ. ಅಲ್ಲಾಡ್ಬೇಡಿ."

ಹಿಂದಿನಿಂದ ಬಂದ ಆ ದನಿಗೆ ಅವಳ ಕಾಲು ತಾನಾಗಿಯೇ ನಿಂತುಬಿಟ್ಟಿತು. ಯಾರೆಂದು ತಿರುಗಿ ನೋಡುವಷ್ಟರಲ್ಲಿ ಎದುರಿನ ಮೆಟ್ಟಿಲ ಮೇಲೆ ಧಡ್ ಎಂದು ಏನೋ ಬಿತ್ತು. ಮುಖಕ್ಕೆ ಧೂಳು ರಾಚಿತು.

ಕಣ್ಣುಜ್ಜಿಕೊಂಡು ನೋಡಿದಳು. ದಿಂಬಿನಷ್ಟು ದಪ್ಪದ ಗಾರೆಯ ತುಂಡು! ಹಳೆಯ ಧಾನ್ಯ ಭವನದ ನೆತ್ತಿಯಿಂದ ಕಳಚಿ ಬಿದ್ದು, ಕಲ್ಲಿನ ಮೆಟ್ಟಿಲ ಮೇಲೆ ನುಚ್ಚುನೂರಾಗಿತ್ತು.

ಇನ್ನೊಂದು ಹೆಜ್ಜೆ ಇಟ್ಟಿದ್ದರೆ...

ಅವಳು ಪಕ್ಕದ ಕಂಬಕ್ಕೆ ಆತುಕೊಂಡಳು.

ಕೂಗಿದವನು ರಸ್ತೆ ದಾಟಿ ಓಡಿ ಬಂದ. ಸೊಂಟದಲ್ಲಿ ಅಳತೆ ಟೇಪು, ಕೈಯಲ್ಲಿ ಒಂದು ಹಳೆಯ ಫೋಟೋದ ಪ್ರತಿ. ಮುಖ ಬಿಳಿಚಿಕೊಂಡಿತ್ತು. ಆದರೆ ಅವನು ಬಿದ್ದ ಗಾರೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಅವಳನ್ನೇ ನೋಡುತ್ತಿದ್ದ, ನಂಬಲಾಗದ್ದನ್ನು ಕಂಡವನಂತೆ.

"ನಿಮಗೆ ಹೇಗೆ ಕೃತಜ್ಞತೆ ಹೇಳೋದೋ... ಇದು ಬೀಳುತ್ತೆ ಅಂತ ಅಷ್ಟು ದೂರದಿಂದ ಹೇಗೆ ಕಂಡಿತು?"

ಅವನು ಆಗ ಕೆಳಗೆ ನೋಡಿದ. ಚೂರುಗಳನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ.

"ನನಗೆ ಕಂಡಿರ್ಲಿಲ್ಲ," ಎಂದ ಮೆಲ್ಲಗೆ. "ನಾನು ಕೂಗಿದ್ದು ಇದಕ್ಕಲ್ಲ."

"ಮತ್ತೆ?"

ಅವನು ಕೈಯಲ್ಲಿದ್ದ ಫೋಟೋ ಮುಂದೆ ಚಾಚಿದ. ಇದೇ ಭವನ, ಇದೇ ಮೆಟ್ಟಿಲು. ಆದರೆ ಶತಮಾನಕ್ಕೂ ಹಿಂದಿನ ಚಿತ್ರ. ಉದ್ದನೆಯ ಕಪ್ಪು ಮೇಲಂಗಿ ತೊಟ್ಟು, ತಲೆಗೆ ಶಾಲು ಹೊದ್ದ ಹೆಂಗಸೊಬ್ಬಳು ಎಡಗಡೆಯ ಎರಡನೆಯ ಕಂಬದ ಪಕ್ಕದಲ್ಲಿ ನಿಂತಿದ್ದಳು. ತಲೆ ಕೊಂಚ ಓರೆ. ಒಂದು ಕೈ ಕಂಬದ ಮೇಲೆ.

ಅವಳು ತನ್ನ ಕೈಯತ್ತ ನೋಡಿಕೊಂಡಳು. ಅದೂ ಎಡಗಡೆಯ ಎರಡನೆಯ ಕಂಬದ ಮೇಲೆಯೇ ಇತ್ತು.

ಸುಟ್ಟುಕೊಂಡವಳಂತೆ ಕೈ ಹಿಂದಕ್ಕೆಳೆದುಕೊಂಡಳು.

"ಈ ಚಿತ್ರ ನಿಮಗೆಲ್ಲಿ ಸಿಕ್ತು?"

"ನಗರ ದಾಖಲೆ ಕಚೇರಿಯಿಂದ ಕಳಿಸಿದ್ರು. ಯಾಕೆ?"

"ಕಳಿಸಿದ್ದು ನಾನೇ," ಎಂದಳು ಅವಳು.

* * *

ಅವಳ ಕೆಲಸವೇ ಅದು. ದಾಖಲೆ ಕಚೇರಿಯ ನೆಲಮಾಳಿಗೆಯಲ್ಲಿ ಹಳೆಯ ಗಾಜಿನ ನೆಗೆಟಿವ್‌ಗಳನ್ನು ಧೂಳು ತೆಗೆದು, ಬಿರುಕು ಬಿಟ್ಟಿದ್ದನ್ನು ಜೋಡಿಸಿ, ಸ್ಕ್ಯಾನ್ ಮಾಡಿ ಇಡುವುದು. ಕಿಟಕಿಯಿಲ್ಲದ ಕೋಣೆ. ಗೋಡೆಯುದ್ದಕ್ಕೂ ಮರದ ಪೆಟ್ಟಿಗೆಗಳು. ನಡುವೆ ಕೆಳಗಿನಿಂದ ಬೆಳಕು ಉಕ್ಕುವ ಬಿಳಿ ಮೇಜು.

"ಸತ್ತವರ ಮುಖ ಒರೆಸಿ ಒರೆಸಿ ನಿನ್ನ ಮುಖಾನೂ ಹಾಗೇ ಆಗ್ತಿದೆ ಪುಟ್ಟಿ," ಎಂದು ಅಮ್ಮ ದಿನಾ ಗೊಣಗುತ್ತಿದ್ದರು. "ಬದುಕಿರೋ ಒಬ್ಬನ ಮುಖ ನೋಡೋದು ಯಾವಾಗ?"

ಅಮ್ಮನಿಗೆ ಏನು ಗೊತ್ತು! ಅವಳು ಒರೆಸುತ್ತಿದ್ದ ಚಿತ್ರಗಳಲ್ಲಿ ಮುಖಗಳೇ ಇರಲಿಲ್ಲ.

ಆ ಪೆಟ್ಟಿಗೆಗಳೆಲ್ಲ ಒಬ್ಬನೇ ಫೋಟೋಗ್ರಾಫರನವು. ನಗರದ ದೊಡ್ಡ ಕಟ್ಟಡಗಳನ್ನೆಲ್ಲ ಅವನು ವರ್ಷಗಟ್ಟಲೆ ಹಿಡಿದಿಟ್ಟಿದ್ದ. ಅಂಚೆ ಕಚೇರಿ, ಕಬ್ಬಿಣದ ಸೇತುವೆ, ಧಾನ್ಯ ಭವನ, ಈಗ ಹೆಸರೂ ಉಳಿಯದ ಎಷ್ಟೋ ಮಹಡಿಮನೆಗಳು. ಒಂದೊಂದು ಚಿತ್ರಕ್ಕೂ ಅವನು ಕ್ಯಾಮೆರಾದ ಕಣ್ಣನ್ನು ಬಹಳ ಹೊತ್ತು ತೆರೆದಿಡುತ್ತಿದ್ದ. ನಡೆಯುವವರು, ಓಡುವ ಗಾಡಿಗಳು ಗಾಜಿನ ಮೇಲೆ ಮೂಡುತ್ತಲೇ ಇರಲಿಲ್ಲ. ಹಾಗಾಗಿ ನಡುಹಗಲಿನ ಚಿತ್ರದಲ್ಲೂ ಬೀದಿಗಳು ಬಿಕೋ ಎನ್ನುತ್ತಿದ್ದವು. ಇಡೀ ನಗರವೇ ರಾತ್ರೋರಾತ್ರಿ ಊರು ಬಿಟ್ಟಂತೆ.

ಉಳಿದವಳು ಆ ಹೆಂಗಸು ಮಾತ್ರ. ಪ್ರತಿ ಚಿತ್ರದಲ್ಲೂ ಒಬ್ಬಳೇ. ಅದೇ ಮೇಲಂಗಿ, ಅದೇ ಶಾಲು. ಶಾಲಿನ ನೆರಳಲ್ಲಿ ಮುಖ ಎಂದೂ ಕಾಣದು.

ನೆಗೆಟಿವ್‌ನಲ್ಲಿ ನೋಡಿದರಂತೂ ಎದೆ ನಡುಗಬೇಕು. ಅಲ್ಲಿ ಎಲ್ಲವೂ ತಿರುವುಮುರುವು. ಆಕಾಶ ಇದ್ದಿಲು, ಕಿಟಕಿಗಳು ಬಿಳಿ ರಂಧ್ರ. ಕಪ್ಪು ಬಟ್ಟೆಯ ಹೆಂಗಸು ಬೆಳ್ಳಗೆ ಹೊಳೆಯುತ್ತ ನಿಂತಿರುತ್ತಿದ್ದಳು.

"ಆಕೆ ಯಾರಾದ್ರೂ ಆಗಿರಲಿ, ನನಗೆ ದೇವರ ಹಾಗೆ," ಎಂದ ಟೇಪಿನವನು, ಮೊದಲ ಸಲ ನೆಲಮಾಳಿಗೆಗೆ ಬಂದಾಗ. ಅವನು ವಾಸ್ತುಶಿಲ್ಪಿ. ಧಾನ್ಯ ಭವನದ ಕುಸಿದುಬಿದ್ದ ಗೋಪುರವನ್ನು ಮೊದಲಿದ್ದ ಹಾಗೆಯೇ ಕಟ್ಟುವ ಹೊಣೆ ಅವನ ಮೇಲಿತ್ತು. ನಕ್ಷೆಗಳೆಲ್ಲ ಎಂದೋ ಬೆಂಕಿಗೆ ಆಹುತಿಯಾಗಿದ್ದವು. ಉಳಿದದ್ದು ಈ ಚಿತ್ರಗಳಷ್ಟೇ.

"ದೇವರು ಯಾಕೆ?"

"ಆಕೆಯನ್ನ ನಿಲ್ಲಿಸಿರೋದೇ ಅಳತೆಗೆ. ಪಕ್ಕದಲ್ಲಿ ಮನುಷ್ಯರಿದ್ರೆ ಕಟ್ಟಡ ಎಷ್ಟು ದೊಡ್ಡದು ಅಂತ ತಿಳಿಯುತ್ತಲ್ಲ, ಅದಕ್ಕೆ. ಅಂಚೆ ಕಚೇರಿ ಬಾಗಿಲು ಇನ್ನೂ ಹಾಗೇ ಇದೆ. ಅದನ್ನ ಅಳೆದು ಆಕೆಯ ಎತ್ತರ ಕಂಡುಹಿಡಿದಿದ್ದೀನಿ. ಇನ್ನು ಆಕೆಯನ್ನೇ ಕೋಲಾಗಿ ಇಟ್ಕೊಂಡು ಇಲ್ಲದ ಗೋಪುರಾನ ಅಳೀಬಹುದು."

ಸತ್ತು ಎಷ್ಟೋ ಕಾಲವಾದ ಹೆಂಗಸಿನ ಎತ್ತರದಿಂದ, ಇಲ್ಲದ ಕಟ್ಟಡವನ್ನು ಅಳೆಯುವುದು... ಅವಳ ಮೈ ಜುಮ್ಮೆಂದಿತು. ಭಯಕ್ಕೋ, ಅವನ ಕಣ್ಣಿನ ಹೊಳಪಿಗೋ, ಅವಳಿಗೇ ತಿಳಿಯಲಿಲ್ಲ.

* * *

ಮುಂದಿನ ವಾರಗಳಲ್ಲಿ ಕಚೇರಿಯವರೆಲ್ಲ ಅವನಿಗೆ 'ಟೇಪು' ಎಂದೇ ಹೆಸರಿಟ್ಟರು. "ಪುಟ್ಟಿ, ನಿನ್ನ ಟೇಪು ಬಂತು," ಎಂದು ಮೇಲಿನಿಂದ ಯಾರಾದರೂ ಕೂಗಿದರೆ ಅವಳ ಕಿವಿ ಕೆಂಪಾಗುತ್ತಿತ್ತು.

ಹಳೆಯ ಫೋಟೋಗ್ರಾಫರ್ ನಿಂತಿದ್ದ ಜಾಗಗಳನ್ನು ಹುಡುಕಿ, ಅಲ್ಲಿಂದಲೇ ಇಂದಿನ ಚಿತ್ರ ತೆಗೆಯುವುದು ಅವನ ಪದ್ಧತಿ. ಅವಳೂ ಜೊತೆಗೆ ಹೋಗುತ್ತಿದ್ದಳು. ಅವನು ಕ್ಯಾಮೆರಾದ ಕಣ್ಣಿಗೆ ಕಪ್ಪು ಗಾಜು ಹಾಕಿ ಬಹಳ ಹೊತ್ತು ತೆರೆದಿಡುತ್ತಿದ್ದ. ಬಸ್ಸು, ಕಾರು, ಜನ ಎಲ್ಲ ಮಾಯವಾಗಿ ಕಟ್ಟಡವಷ್ಟೇ ಉಳಿಯುತ್ತಿತ್ತು. ಅವಳು ಕೆಂಪು-ಬಿಳಿ ಪಟ್ಟೆಯ ಅಳತೆಕೋಲು ಹಿಡಿದು ಗೋಡೆಯ ಪಕ್ಕ ನಿಲ್ಲಬೇಕಿತ್ತು.

"ಮತ್ತೆ ಅಲ್ಲಾಡಿದ್ರಿ," ಎಂದು ಅವನು ಪ್ರತಿ ಸಲವೂ ಸಿಡುಕುತ್ತಿದ್ದ.

"ಮೂಗಿನ ಮೇಲೆ ನೊಣ ಕೂತಿತ್ತು."

"ಹೋದ ಸಲ ಸೀನು. ಅದಕ್ಕೂ ಮುಂಚೆ ನಗು. ನಿಮ್ಮನ್ನ ನಿಲ್ಲಿಸೋದಕ್ಕಿಂತ ಬಸ್ ನಿಲ್ಲಿಸೋದು ಸುಲಭ."

"ಹಾಗಾದ್ರೆ ಬಸ್‌ಗೇ ಕೋಲು ಕೊಡಿ."

ಇಬ್ಬರೂ ಮುಖ ಊದಿಸಿಕೊಂಡು, ಮರುಗಳಿಗೆ ನಕ್ಕುಬಿಡುತ್ತಿದ್ದರು.

ಒಂದು ದಿನ ಕಬ್ಬಿಣದ ಸೇತುವೆಯ ಮೇಲೆ ಗಾಳಿ ಚಾಟಿಯಂತೆ ಬೀಸುತ್ತಿತ್ತು. ಅವಳು ಗಡಗಡ ನಡುಗುವುದನ್ನು ಕಂಡು ಅವನು ಕಾರಿನಿಂದ ಒಂದು ಬೂದು ಬಣ್ಣದ ಕೋಟು ತಂದು ಅವಳ ಹೆಗಲ ಮೇಲೆ ಹೊದಿಸಿದ. ಹೆಂಗಸರ ಕೋಟು. ಯಾರದೆಂದು ಅವಳು ಕೇಳಲಿಲ್ಲ. ಅವನ ಬೆರಳುಗಳು ಕೊರಳಪಟ್ಟಿಯನ್ನು ಸರಿಮಾಡಿ, ಅಲ್ಲೇ ಒಂದು ಕ್ಷಣ ತಡೆದವು...

ಅವನ ಮುಖ ಇದ್ದಕ್ಕಿದ್ದಂತೆ ಕಪ್ಪಿಟ್ಟಿತು. ಕೈ ಹಿಂದಕ್ಕೆಳೆದು ಕ್ಯಾಮೆರಾದ ಬಳಿಗೆ ಹೋದ.

ಅಂದಿನಿಂದ ಅವಳು ಆ ಕೋಟನ್ನು ಬಿಡಲಿಲ್ಲ. ಅದರ ಒಳಗೆ ಅವನೇ ಇದ್ದಾನೇನೋ ಎಂಬಂತೆ ಬಿಗಿಯಾಗಿ ಹೊದ್ದುಕೊಂಡೇ ಮನೆಗೆ ಹೋಗುತ್ತಿದ್ದಳು.

'ಹುಚ್ಚು ಮನಸ್ಸೇ... ಇದು ಬರೀ ಚಳಿಗೆ ಕೊಟ್ಟ ಕೋಟು.'

ಮನಸ್ಸು ಕೇಳಬೇಕಲ್ಲ!

* * *

"ಗೋಪುರ ಬೆಳೆದಿದೆ," ಎಂದ ಅವನು ಒಂದು ಬೆಳಿಗ್ಗೆ, ನೆಲಮಾಳಿಗೆಯ ಬಾಗಿಲಲ್ಲೇ ನಿಂತು.

"ಏನು?"

"ಧಾನ್ಯ ಭವನದ ಎರಡು ಚಿತ್ರ ಕೊಟ್ಟಿದ್ರಿ. ನಡುವೆ ಕೆಲವು ವರ್ಷದ ಅಂತರ. ಮೊದಲನೆಯದರ ಲೆಕ್ಕಕ್ಕಿಂತ ಎರಡನೆಯದರಲ್ಲಿ ಗೋಪುರ ಒಂದಾಳೆತ್ತರ ಜಾಸ್ತಿ ಬರ್ತಿದೆ. ಕಲ್ಲಿನ ಗೋಪುರ ತಾನಾಗೇ ಬೆಳೆಯುತ್ತಾ? ನಿಮ್ಮ ಸ್ಕ್ಯಾನ್ ಚಿತ್ರಾನ ಎಳೆದು ಉದ್ದ ಮಾಡಿದೆ."

"ನನ್ನ ಸ್ಕ್ಯಾನ್ ಸರಿಯಾಗಿದೆ. ನಿಮ್ಮ ಲೆಕ್ಕ ನೋಡ್ಕೊಳ್ಳಿ."

"ಲೆಕ್ಕ ನನ್ನ ಅನ್ನ. ಅದು ತಪ್ಪಲ್ಲ."

"ಗಾಜು ನನ್ನ ಅನ್ನ. ಅದೂ ಸುಳ್ಳು ಹೇಳಲ್ಲ."

ಜಗಳ ಜೋರಾಯಿತು. ಕೊನೆಗೆ ಅವಳು ಉಸಿರು ಬಿಗಿಹಿಡಿದು ಪೆಟ್ಟಿಗೆಯಿಂದ ಎರಡು ಗಾಜುಗಳನ್ನು ತೆಗೆದಳು. ಎರಡೂ ಅಂಚೆ ಕಚೇರಿಯ ಬಾಗಿಲಿನವು. ಒಂದು ಮೊದಲ ವರ್ಷಗಳದ್ದು, ಇನ್ನೊಂದು ಕೊನೆಯ ವರ್ಷಗಳದ್ದು. ಒಂದೇ ಜಾಗದಿಂದ ತೆಗೆದವು. ಬೆಳಕಿನ ಮೇಜಿನ ಮೇಲೆ ಒಂದರ ಮೇಲೊಂದನ್ನು ಮೆಲ್ಲಗೆ ಇಟ್ಟಳು.

ಬಾಗಿಲು ಬಾಗಿಲಿಗೆ ಕೂಡಿತು. ಮೆಟ್ಟಿಲು ಮೆಟ್ಟಿಲಿಗೆ ಕೂಡಿತು.

ಹೆಂಗಸು ಕೂಡಲಿಲ್ಲ.

ಬೆಳ್ಳಗೆ ಹೊಳೆಯುವ ಒಂದು ತಲೆಯ ಕೆಳಗೆ, ಕೊಂಚ ತಗ್ಗಿನಲ್ಲಿ, ಇನ್ನೊಂದು ತಲೆ.

ಇಬ್ಬರೂ ಬಗ್ಗಿ ನೋಡಿದರು. ಮೇಜಿನ ಬೆಳಕು ಕೆಳಗಿನಿಂದ ಅವರ ಮುಖಕ್ಕೆ ಬಡಿಯುತ್ತಿತ್ತು.

"ಗೋಪುರ ಬೆಳೆದಿಲ್ಲ," ಎಂದಳು ಅವಳು ಪಿಸುದನಿಯಲ್ಲಿ. "ಇವಳು ಆಕೆಯಲ್ಲ. ಬೇರೆ ಯಾರೋ... ಆಕೆಯ ಬಟ್ಟೆ ತೊಟ್ಟು ನಿಂತಿದ್ದಾಳೆ."

ಅದೇ ಮೇಲಂಗಿ. ಅದೇ ಶಾಲು. ತಲೆಯ ಅದೇ ಓರೆ. ಎರಡನೆಯವಳ ಮೇಲಂಗಿ ಮಾತ್ರ ನೆಲಕ್ಕೆ ಬಿದ್ದು ಹರಡಿತ್ತು, ಅದು ಬೇರೊಬ್ಬರ ಮೈಗೆ ಹೊಲಿದದ್ದು ಎಂದು ಸಾರಿ ಹೇಳುವಂತೆ.

"ನೀವು ಹೇಳಿದ್ದೇ ಸರಿ," ಎಂದ ಅವನು. "ಇದು ಗೊತ್ತಾಗದೇ ಇದ್ದಿದ್ರೆ ತಪ್ಪು ಗೋಪುರ ಎದ್ದು ನಿಲ್ತಿತ್ತು."

ಅವನು ಹೋದ ಮೇಲೆ ಅವಳು ಕೊನೆಯ ಪೆಟ್ಟಿಗೆಯ ಕೊನೆಯ ಗಾಜನ್ನು ತೆಗೆದಳು. ಅದರಲ್ಲಿ ಎರಡನೆಯವಳು ನಿಂತಿದ್ದಳು. ಆದರೆ ಮೈ ಮಂಜಿನಷ್ಟು ತೆಳುವಾಗಿತ್ತು. ಅವಳ ಎದೆಯ ಮೂಲಕ ಬಾಗಿಲ ಕೆತ್ತನೆಯೆಲ್ಲ ಕಾಣುತ್ತಿತ್ತು. ಕರಗುತ್ತಿರುವವಳಂತೆ.

ಅದರ ನಂತರ ಯಾವ ಚಿತ್ರವೂ ಇರಲಿಲ್ಲ.

* * *

ಆ ಗಾಜಿನ ಪ್ರತಿಯನ್ನು ತೋರಿಸಲೆಂದು ಅವಳು ಮರುದಿನ ಮೊದಲ ಸಲ ಅವನ ಕಚೇರಿಗೆ ಹೋದಳು. ಅವನು ಹೊರಗೆ ಹೋಗಿದ್ದ. ಅವನ ಜೊತೆ ಕೆಲಸ ಮಾಡುವ ಇಂಜಿನಿಯರ್ ಮೇಡಂ ಕುರ್ಚಿ ತೋರಿಸಿ, "ಕೂತ್ಕೊಳ್ಳಿ, ಬಂದುಬಿಡ್ತಾರೆ," ಎಂದವರು, ಅವಳ ಮೈಮೇಲಿನ ಕೋಟನ್ನೇ ದಿಟ್ಟಿಸಿದರು.

ಅವಳು ಗೋಡೆಯತ್ತ ನೋಡಿದಳು. ಸಾಲಾಗಿ ಹಳೆಯ ಕೆಲಸಗಳ ಫೋಟೋಗಳು. ರಂಗಮಂದಿರ, ಗಡಿಯಾರದ ಕಂಬ, ನೀರಿನ ಗೋಪುರ. ಜನರಿಲ್ಲದ ಬಿಕೋ ಬೀದಿಗಳು. ಪ್ರತಿಯೊಂದರಲ್ಲೂ ಒಬ್ಬಳೇ ಹೆಂಗಸು, ಕೆಂಪು-ಬಿಳಿ ಕೋಲು ಹಿಡಿದು, ಕಲ್ಲಿನಂತೆ ಅಲುಗದೆ.

ಮೈಮೇಲೆ ಬೂದು ಬಣ್ಣದ ಕೋಟು.

"ಯಾರಿವರು?" ತನ್ನ ದನಿಯೇ ಅವಳಿಗೆ ದೂರದಿಂದ ಕೇಳಿಸಿತು.

"ಅವರ ಹೆಂಡತಿ," ಎಂದರು ಮೇಡಂ ತಲೆ ತಗ್ಗಿಸಿ. "ತೀರಿಹೋಗಿ ಮೂರು ವರ್ಷ ಆಯ್ತು. ಕಾಯಿಲೆ... ಅವರು ನಿಮಗೆ ಹೇಳಿರ್ಲಿಲ್ವಾ?"

ಕೋಟಿನ ಒಳಗೆ ಅವಳ ಮೈ ತಣ್ಣಗಾಯಿತು.

ಮನೆಯಲ್ಲಿ ಅವಳು ಎರಡನೆಯ ಮಗಳು. ಅಕ್ಕ ಉಟ್ಟು ಬಿಟ್ಟ ಬಟ್ಟೆ, ಅಕ್ಕ ಓದಿ ಬಿಟ್ಟ ಪುಸ್ತಕ, ಅಕ್ಕ ತುಳಿದು ಬಿಟ್ಟ ಸೈಕಲ್. ಹೊಸದು ಎಂದು ಅವಳ ಪಾಲಿಗೆ ಏನೂ ಬಂದಿರಲಿಲ್ಲ. ಇದೊಂದು ಮಾತ್ರ ತನ್ನದು ಎಂದುಕೊಂಡಿದ್ದಳು, ಅವನು ತನ್ನನ್ನು ನೋಡುವ ಆ ನೋಟ.

ಅದೂ ಇನ್ನೊಬ್ಬಳದೇ...

'ನಾನೂ ಎರಡನೆಯವಳು. ಸತ್ತವಳ ಬಟ್ಟೆ ಹಾಕಿ, ಸತ್ತವಳ ಜಾಗದಲ್ಲಿ ನಿಲ್ಲಿಸಿದ್ದಾನೆ.'

ಮರುದಿನ ಧಾನ್ಯ ಭವನದ ಕೊನೆಯ ಚಿತ್ರ ತೆಗೆಯುವುದಿತ್ತು. ಅವಳು ಬಂದಳು. ಅವನು ಕ್ಯಾಮೆರಾದ ಹಿಂದಿನಿಂದ, "ಸ್ವಲ್ಪ ಎಡಕ್ಕೆ... ಹಾಂ, ಅಲ್ಲೇ," ಎಂದ. ಕ್ಯಾಮೆರಾದ ಕಣ್ಣು ತೆರೆಯಿತು.

ಅವಳು ಕೋಲನ್ನು ಗೋಡೆಗೆ ಒರಗಿಸಿದಳು. ಕೋಟು ಬಿಚ್ಚಿ ಮಡಿಸಿ ಮೆಟ್ಟಿಲ ಮೇಲಿಟ್ಟಳು. ಅವನ ಕಡೆ ಒಮ್ಮೆಯೂ ನೋಡದೆ ನಡೆದುಬಿಟ್ಟಳು.

ಅವನು ಕೂಗುತ್ತ ಓಡಿ ಬರುವಷ್ಟರಲ್ಲಿ ಅವಳು ಹತ್ತಿದ ಬಸ್ಸು ತಿರುವು ದಾಟಿತ್ತು.

* * *

ಅವನು ಫೋನ್ ಮಾಡಿದ. ಅವಳು ಎತ್ತಲಿಲ್ಲ. ಮತ್ತೆ ಮಾಡಿದ. ಫೋನನ್ನೇ ದಿಂಬಿನ ಅಡಿಗೆ ತುರುಕಿದಳು.

ಅಮ್ಮ ತಟ್ಟೆಗೆ ಇನ್ನಷ್ಟು ಬಡಿಸಿ, "ತಿನ್ನು. ಅಳೋದಕ್ಕೂ ಶಕ್ತಿ ಬೇಕು," ಎಂದಷ್ಟೇ ಅಂದರು.

ಆದರೆ ಕಣ್ಣು ಮುಚ್ಚಿದರೆ ಸಾಕು, ಆ ಕರಗುತ್ತಿದ್ದ ಹೆಂಗಸು ಎದುರಿಗೆ ಬಂದು ನಿಲ್ಲುತ್ತಿದ್ದಳು. ಏನಾಯಿತು ಅವಳಿಗೆ? ತಿಳಿಯದೆ ತನಗೆ ಬಿಡುಗಡೆಯಿಲ್ಲ ಅನ್ನಿಸಿತು.

ಆ ನೆಗೆಟಿವ್ ಪೆಟ್ಟಿಗೆಗಳನ್ನು ಕಚೇರಿಗೆ ಕೊಟ್ಟವರು ಆ ಫೋಟೋಗ್ರಾಫರನ ಮೊಮ್ಮಗಳು. ಎಂಬತ್ತು ದಾಟಿದ ಅಜ್ಜಿ. ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಒಂದು ಬೆಕ್ಕಿನ ಜೊತೆ ಇದ್ದರು. ಅವಳು ಅಂಚೆ ಕಚೇರಿಯ ಎರಡು ಚಿತ್ರಗಳನ್ನೂ ಮುಂದಿಟ್ಟಾಗ ಅಜ್ಜಿ ಕನ್ನಡಕ ಏರಿಸಿ ನೋಡಿ, ಕಿಸಕ್ಕನೆ ನಕ್ಕರು.

"ಕೊನೆಗೂ ಒಬ್ಬರಿಗೆ ಕಣ್ಣು ಕಾಣಿಸ್ತಲ್ಲ! ಇವಳು ನಮ್ಮ ತಾತನ ಮೊದಲ ಹೆಂಡತಿ. ಹೆರಿಗೆಯಲ್ಲಿ ಹೋದಳು, ಮಗೂನೂ ಹೋಯ್ತು. ಈ ಇನ್ನೊಬ್ಬಳು ಅವಳ ತಂಗಿ. ನಮ್ಮಜ್ಜಿ."

"ತಂಗಿ..."

"ತಂಗಿಯನ್ನ ತಂದ್ಕೊಂಡು, ಅಕ್ಕನ ಬಟ್ಟೆ ಹಾಕಿಸಿ, ಅಕ್ಕ ನಿಂತಲ್ಲೇ ನಿಲ್ಲಿಸಿದ್ರು. ಅಳತೆ ತಪ್ಪಬಾರದು ಅಂತ ಹೇಳ್ತಿದ್ರಂತೆ. ತಪ್ಪಿದ್ದು ಮನಸ್ಸು. ಅಜ್ಜಿ ಹೇಳ್ತಿದ್ಲು, ಆ ಶಾಲು ಹೊದ್ದಾಗಲೆಲ್ಲ ಪಕ್ಕದಲ್ಲಿ ಯಾರೋ ಉಸಿರಾಡಿದ ಹಾಗೆ ಆಗ್ತಿತ್ತಂತೆ. ಇದು ನನ್ನ ಜಾಗ, ಪಕ್ಕಕ್ಕೆ ಸರಿ ಅಂತ ತಳ್ಳಿದ ಹಾಗೆ."

ಅವಳು ಕರಗುತ್ತಿದ್ದವಳ ಚಿತ್ರವನ್ನು ಮುಂದೆ ಸರಿಸಿದಳು. "ಈ ಕೊನೆ ಚಿತ್ರದಲ್ಲಿ ಯಾಕೆ ಹೀಗಿದ್ದಾರೆ?"

"ಅರ್ಧದಲ್ಲೇ ಎದ್ದು ನಡೆದುಬಿಟ್ಲು. ಶಾಲು ಅಲ್ಲೇ ಎಸೆದು, ಸೀದಾ ಮನೆಗೆ ಬಂದು, ಬಾಗಿಲು ಹಾಕ್ಕೊಂಡು, ಮನಸೋ ಇಚ್ಛೆ ಬೈದ್ಲಂತೆ. ನಿಮಗೆ ಬೇಕಾಗಿರೋದು ಗೊಂಬೆ, ಮರದ್ದೇ ಒಂದು ಮಾಡಿಸ್ಕೊಳ್ಳಿ ಅಂತ. ತಾತ ಹೊರಗೆ ಕೂತು ಅತ್ತರಂತೆ. ಆಮೇಲೆ ಮೊದಲ ಸಲ ಅವಳನ್ನ ಅವಳ ಹೆಸರು ಹಿಡಿದು ಕರೆದ್ರಂತೆ. ಅಲ್ಲೀವರೆಗೂ ಬಾಯಿ ತಪ್ಪಿ ಅಕ್ಕನ ಹೆಸರೇ ಬರ್ತಿತ್ತು."

"ಆಮೇಲೆ?"

"ಆಮೇಲೇನು, ಕೊನೇವರೆಗೂ ಜಗಳ ಆಡ್ಕೊಂಡೇ ಚೆನ್ನಾಗಿ ಸಂಸಾರ ಮಾಡಿದ್ರು. ಉಪ್ಪಿಗೆ ಜಗಳ, ಸೊಪ್ಪಿಗೆ ಜಗಳ. ನಾನೇ ಕಣ್ಣಾರೆ ನೋಡಿದ್ದೀನಿ." ಅಜ್ಜಿ ಬೆಕ್ಕಿನ ಬೆನ್ನು ಸವರಿದರು. "ಸತ್ತವರ ಜೊತೆ ಯಾರಾದ್ರೂ ಜಗಳ ಆಡ್ತಾರೇನಮ್ಮ? ಅವರು ಏನು ಮಾಡಿದ್ರೂ ಚೆನ್ನ. ಜಗಳ ಆಡ್ತಿದ್ದಾನೆ ಅಂದ್ರೆ ಎದುರಿಗಿರೋಳು ಯಾರು ಅಂತ ಅವನಿಗೆ ಗೊತ್ತಿದೆ ಅಂತ ಅರ್ಥ."

ಅವಳು ತಲೆ ತಗ್ಗಿಸಿದಳು. ಅಜ್ಜಿ ಎಲ್ಲ ಅರ್ಥವಾದವರಂತೆ ಅವಳ ಕೈ ತಟ್ಟಿದರು.

* * *

ಮರುದಿನ ಮಧ್ಯಾಹ್ನ ಅವನೇ ನೆಲಮಾಳಿಗೆಗೆ ಬಂದ. ಗಡ್ಡ ಬೆಳೆದಿತ್ತು. ಕಣ್ಣುಗಳು ಒಳಗೆ ಹೋಗಿದ್ದವು. ಇದೇ ಮೊದಲ ಸಲ ಸೊಂಟದಲ್ಲಿ ಟೇಪು ಇರಲಿಲ್ಲ.

"ನಾನು ಬಂದಿದ್ದು ತಪ್ಪಾದ್ರೆ ಹೇಳಿ, ಹೋಗ್ತೀನಿ. ಆದ್ರೆ ಇದನ್ನ ಒಂದ್ಸಲ ನೋಡಿ."

ಬೆಳಕಿನ ಮೇಜಿನ ಮೇಲೆ ಒಂದು ಫೋಟೋ ಇಟ್ಟ. ಅವಳು ಎದ್ದು ಹೋದ ದಿನದ್ದು. ಧಾನ್ಯ ಭವನ, ಬಿಕೋ ಬೀದಿ. ಮೆಟ್ಟಿಲ ಮೇಲೆ ಹೊಗೆಯಂತೆ ಒಂದು ಮಸುಕು. ಅದು ಅವಳೇ, ನಡೆದು ಹೋಗುತ್ತಿದ್ದವಳು.

ಎಡಗಡೆಯ ಎರಡನೆಯ ಕಂಬದ ಪಕ್ಕದಲ್ಲಿ ಇನ್ನೊಬ್ಬಳು ನಿಂತಿದ್ದಳು.

ಉದ್ದನೆಯ ಕಪ್ಪು ಮೇಲಂಗಿ. ತಲೆಗೆ ಶಾಲು. ಒಂದು ಕೈ ಕಂಬದ ಮೇಲೆ. ಒಂದಿಷ್ಟೂ ಅಲುಗದವಳಂತೆ, ಗೆರೆ ಕೊರೆದಷ್ಟು ಸ್ಪಷ್ಟವಾಗಿ. ಮುಖ ಮಾತ್ರ ನೆರಳಲ್ಲಿ.

ಅವಳು ಫೋಟೋದ ಮೇಲೆ ಬಗ್ಗಿದಳು. "ಅಲ್ಲಿ ಯಾರೂ ಇರ್ಲಿಲ್ಲ. ನಾನೇ ಅಲ್ಲಿದ್ದೆ. ಯಾರೂ ಇರ್ಲಿಲ್ಲ."

"ಗೊತ್ತು. ನಾನೂ ನೋಡ್ತಾ ಇದ್ದೆ."

"ನೀವು ಸೇರಿಸಿದ್ದಾ ಇದು?"

"ಗೋಡೆ ಕಟ್ಟೋಕೆ ಬರುತ್ತೆ ನನಗೆ. ಇಂಥದ್ದೆಲ್ಲ ಬರಲ್ಲ." ಅವನು ಕುರ್ಚಿ ಎಳೆದುಕೊಂಡು ಕುಳಿತ. "ಮೊದಲು ನೋಡಿದಾಗ ಎದೆ ಝಲ್ ಅಂತು. ಅವಳೇನಾ ಅಂದ್ಕೊಂಡೆ... ನನ್ನ ಹೆಂಡತಿ."

ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು.

"ಕಂಬದ ಎತ್ತರ ಗೊತ್ತಿತ್ತು, ಕೂತು ಅಳೆದೆ. ಅವಳಲ್ಲ. ಅವಳು ಇನ್ನೂ ಎತ್ತರ. ಇದು ನಿಮ್ಮ ಗಾಜಿನ ಮೊದಲನೆಯವಳ ಎತ್ತರ. ಕೂದಲೆಳೆ ವ್ಯತ್ಯಾಸ ಇಲ್ಲ."

ಅವಳು ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

"ಅವಳಲ್ಲ ಅಂತ ತಿಳಿದಾಗ ನನಗೆ ಬೇಜಾರಾಗ್ಬೇಕಿತ್ತು," ಎಂದ ಅವನು. "ಆಗ್ಲಿಲ್ಲ. ಯಾಕೆ ಅಂತ ಯೋಚಿಸಿದಾಗ ಗೊತ್ತಾಯ್ತು. ನಾನು ಆ ಚಿತ್ರದಲ್ಲಿ ನಿಂತವಳನ್ನ ನೋಡ್ತಾನೇ ಇರ್ಲಿಲ್ಲ. ಈ ಮಸುಕನ್ನ ನೋಡ್ತಿದ್ದೆ. ಹೊರಟು ಹೋಗ್ತಿರೋ ನಿಮ್ಮನ್ನ."

ಆದರೂ ಅವಳು ಒಂದು ಮಾತು ಕೇಳಲೇಬೇಕಿತ್ತು.

"ಆ ಕೋಟು?"

"ಅವಳದ್ದೇ. ಕಾರಿನಿಂದ ತೆಗೆಯೋಕೆ ಕೈ ಬಂದಿರ್ಲಿಲ್ಲ. ನಿಮಗೆ ಚಳಿ ಅಂತ ಕಂಡಾಗ ಹಿಂದೆಮುಂದೆ ನೋಡದೆ ಕೊಟ್ಟುಬಿಟ್ಟೆ. ಆಮೇಲೆ ಹೇಳೋಣ ಅಂದ್ರೆ... ಹೇಳಿದ್ರೆ ನೀವು ಕೋಟು ಬಿಚ್ಚಿ ಕೊಟ್ಟು ಚಳಿಯಲ್ಲಿ ನಡುಗ್ತೀರಿ ಅಂತ ಸುಮ್ಮನಾದೆ."

"ಸುಳ್ಳು."

"ಹೂಂ. ಸುಳ್ಳು. ಧೈರ್ಯ ಇರ್ಲಿಲ್ಲ." ಅವನು ಅವಳ ಕಣ್ಣಿನಲ್ಲಿ ಕಣ್ಣಿಟ್ಟ. "ಇನ್ನೊಂದು ನಿಜಾನೂ ಹೇಳಿಬಿಡ್ತೀನಿ. ಮೊದಲ ದಿನ ದೂರದಿಂದ ನಿಮ್ಮನ್ನ ನೋಡಿ ನನ್ನ ಹೆಂಡತಿಯೇ ಅನ್ನಿಸಿತ್ತು. ಅದಕ್ಕೇ ಕೂಗಿದ್ದು, ಫೋಟೋ ತೋರಿಸಿದ್ದು ಬರೀ ನೆಪ. ಆದ್ರೆ ನೀವು ತಿರುಗಿ ಬಾಯಿ ತೆಗೆದ ಮೇಲೆ ಆ ಭ್ರಮೆ ಉಳೀಲಿಲ್ಲ."

"ಯಾಕೆ?"

ಅವನು ಚೀಲದಿಂದ ಲ್ಯಾಪ್‌ಟಾಪ್ ತೆಗೆದು ತೆರೆದ. ಸಾಲು ಸಾಲು ಚಿತ್ರಗಳು. ಸೇತುವೆಯ ಮೇಲೆ ಒಂದು ಮಸುಕು. ಅಂಚೆ ಕಚೇರಿಯ ಮುಂದೆ ಎರಡು ಮೂಗಿನ ಮುಖ. ಧಾನ್ಯ ಭವನದ ಪಕ್ಕ, ನಗುತ್ತ ಬಗ್ಗಿಹೋದ ಒಂದು ನೆರಳು.

"ಎಲ್ಲ ನೀವೇ. ಒಂದರಲ್ಲೂ ನೆಟ್ಟಗೆ ನಿಂತಿಲ್ಲ. ಅಳತೆಗೆ ಒಂದೂ ಬರಲ್ಲ. ಕೆಲಸಕ್ಕೆ ಬಾರದ ಚಿತ್ರಾನ ನಾನು ಅವತ್ತೇ ಅಳಿಸಿಬಿಡ್ತೀನಿ, ಅದು ನನ್ನ ಅಭ್ಯಾಸ. ಇವನ್ನ ಮಾತ್ರ ಅಳಿಸೋಕೆ ಆಗ್ಲಿಲ್ಲ. ದಿನಾ ತೆಗೆದು ನೋಡ್ತೀನಿ. ಅವಳು ಅಲುಗದೆ ನಿಲ್ತಿದ್ಲು. ನಿಮ್ಮ ಕೈಲಿ ಅದು ಆಗಲ್ಲ. ಇಬ್ಬರನ್ನ ಬೆರೆಸಿ ನೋಡೋಕೆ ನನ್ನಿಂದ ಹೇಗೆ ಸಾಧ್ಯ?" ಅವನು ಲ್ಯಾಪ್‌ಟಾಪ್ ಪಕ್ಕಕ್ಕೆ ಸರಿಸಿದ. "ನೀವು ಅಂದ್ರೆ ನನಗೆ ತುಂಬಾ ಇಷ್ಟ. ಅವಳ ಜಾಗಕ್ಕಲ್ಲ. ನಿಮ್ಮ ಜಾಗಕ್ಕೆ."

ಅವಳ ಕಣ್ಣಿಂದ ಹನಿಯೊಂದು ಉರುಳಿ ಬೆಳಕಿನ ಮೇಜಿನ ಮೇಲೆ ಬಿತ್ತು. ಮುಂಗೈಯಿಂದ ಮುಖ ಒರೆಸಿಕೊಂಡಳು.

"ಕೇಳದೆ ಎದ್ದು ಹೋದದ್ದು ನನ್ನ ತಪ್ಪು," ಎಂದಳು. "ಇನ್ನು ಮುಂದೆ ಕೋಪ ಬಂದ್ರೆ ಎದುರಿಗೇ ಬೈತೀನಿ."

"ಬೈರಿ. ದಯವಿಟ್ಟು ಬೈರಿ."

ಅವಳು ಅಳುವಿನ ನಡುವೆಯೇ ನಕ್ಕಳು. ಮೆಲ್ಲಗೆ ಕೈ ಚಾಚಿ ಅವನ ಬೆರಳುಗಳನ್ನು ಹಿಡಿದುಕೊಂಡಳು.

ಮೇಲಕ್ಕೆ ಹೊರಡುವ ಮುನ್ನ ಮೇಜಿನ ಬೆಳಕು ಆರಿಸಲು ಬಗ್ಗಿದಳು. ಫೋಟೋದ ಹೆಂಗಸು ಕಂಬದ ಪಕ್ಕದಲ್ಲಿ ಹಾಗೆಯೇ ನಿಂತಿದ್ದಳು. ಶಾಲಿನ ನೆರಳು ಈಗ ಕೊಂಚ ಸರಿದಂತೆ... ಅವಳು ಎರಡನೆಯ ಸಲ ನೋಡಲಿಲ್ಲ. ಫೋಟೋವನ್ನು ಬೋರಲು ಹಾಕಿ, ಬೆಳಕು ಆರಿಸಿ, ಅವನ ಹಿಂದೆ ಮೆಟ್ಟಿಲು ಹತ್ತಿದಳು.

ಕಚೇರಿಯ ಹಿತ್ತಲಲ್ಲಿ ಒಂದು ಕಲ್ಲುಬೆಂಚು. ಬಿಸಿಲು ಹಿತವಾಗಿತ್ತು.

"ನಿಮ್ಮ ಹೆಂಡತಿ ಬಗ್ಗೆ ಹೇಳಿ," ಎಂದಳು ಅವಳು.

ಅವನು ಅಚ್ಚರಿಯಿಂದ ನೋಡಿದ. ಆಮೇಲೆ ತಡೆತಡೆದು ಹೇಳತೊಡಗಿದ. ಹೆಂಡತಿ ಹಾಡು ಗುನುಗುತ್ತಿದ್ದದ್ದು, ಆಸ್ಪತ್ರೆಯ ಕೊನೆಯ ತಿಂಗಳುಗಳು, ಆಮೇಲಿನ ಮನೆಯ ಮೌನ. ಮೂರು ವರ್ಷ ಯಾರಿಗೂ ಹೇಳದ್ದನ್ನೆಲ್ಲ ಹೇಳಿದ. ಅವಳು ಕೈ ಬಿಡದೆ ಕೇಳಿದಳು.

"ಇದೆಲ್ಲ ಕೇಳಿ ನಿಮಗೆ ಬೇಜಾರಾಯ್ತಾ?"

"ಇಲ್ಲ. ಆದ್ರೆ ಒಂದು ಮಾತು."

"ಏನು?"

"ಈ 'ನೀವು', 'ನಿಮಗೆ' ಎಲ್ಲ ಇನ್ನು ಸಾಕು. ಕಚೇರಿ ನೋಟಿಸ್ ಓದಿದ ಹಾಗಿರುತ್ತೆ."

ಅವನ ಕಿವಿಯ ತುದಿ ಕೆಂಪೇರಿತು.

"ನೀನು..." ಎಂದು ಅಲ್ಲಿಗೇ ನಿಂತ. ಉಸಿರೆಳೆದುಕೊಂಡು ಮತ್ತೆ ಶುರು ಮಾಡಿದ. "ನೀನು ಊಟ ಮಾಡಿದ್ಯಾ?"

"ಇಲ್ಲ. ಡಬ್ಬಿ ಇನ್ನೂ ತೆಗೆದಿಲ್ಲ. ನಿಮಗೋಸ್ಕರ..." ಅವಳು ನಾಲಿಗೆ ಕಚ್ಚಿಕೊಂಡಳು. "ನಿನಗೋಸ್ಕರ ಕಾಯ್ತಾ ಇದ್ದೆ."

"ನಾನು ಬರ್ತೀನಿ ಅಂತ ಗೊತ್ತಿತ್ತಾ?"

"ಗೊತ್ತಿರ್ಲಿಲ್ಲ," ಎಂದು ಅವಳು ಅವನ ಭುಜಕ್ಕೆ ತಲೆ ಒರಗಿಸಿದಳು. "ಆದ್ರೂ ಕಾಯ್ತಾ ಇದ್ದೆ."